ಮಸೆಯುವ ಕೆಲಸವಲ್ಲ, ನೀವುವ ಕೆಲಸ

ಎಲ್ಲರಿಗೂ ನಮಸ್ಕಾರ.

ನಮ್ಮ ನುಡಿಯಲ್ಲಿ ‘ಕತ್ತಿ ಮಸೆಯುವುದು’ ಎಂದರೆ ಹಗೆ ಸಾಧಿಸುವುದು ಎಂದೂ ಅರ್ಥವಿದೆ. ಅದಕ್ಕೇ ಇರಬೇಕು, ಕ್ಷೌರದ ಕತ್ತಿ ಹಿಡಿದು ಮೊದಲ ಸಲ ಸ್ಟ್ರಾಪಿನ, ಎಂದರೆ ಕತ್ತಿ ನೀವುವ ಚರ್ಮದ ಪಟ್ಟಿಯ, ಮುಂದೆ ನಿಂತವರು ಹಳೇ ಜಗಳ ತೀರಿಸಿಕೊಳ್ಳುವವರ ಹಾಗೆ ಉಜ್ಜುತ್ತಾರೆ. ನಾನೂ ಹಾಗೆ ಉಜ್ಜಿದವನೇ. ನನ್ನ ಮೊದಲ ಸ್ಟ್ರಾಪ್ ಕೈಗೆ ಬಂದ ಮೂರನೇ ದಿನ, ಅದರ ಮೇಲ್ತುದಿಯಿಂದ ನಾಲ್ಕು ಬೆರಳು ಕೆಳಗೆ ಅರ್ಧಚಂದ್ರದಂಥ ಗಾಯ ಬಿತ್ತು. ಅದನ್ನೇ ಇವತ್ತು ಜೊತೆಗೆ ತಂದಿದ್ದೇನೆ. ಮಾತು ಮುಗಿದ ಮೇಲೆ ಕೈಯಿಂದ ಕೈಗೆ ದಾಟಿಸಿ ನೋಡುವಿರಂತೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಸೆಯುವುದು ಕಲ್ಲಿನ ಮೇಲಿನ ಕೆಲಸ. ಕಲ್ಲು ಉಕ್ಕನ್ನು ತೇಯ್ದು ಹೊಸ ಬಾಯಿ ಕಟ್ಟಿಕೊಡುತ್ತದೆ. ಚರ್ಮದ ಮೇಲೆ ನಡೆಯುವುದು ನೀವುವ ಕೆಲಸ. ನಿದ್ದೆ ಬಾರದ ಮಗುವಿನ ಬೆನ್ನು ನೀವುತ್ತೇವಲ್ಲ, ಹಾಗೆ. ಮೊಂಡಾದ ಕತ್ತಿಯನ್ನು ಬರೀ ಚರ್ಮ ಹರಿತ ಮಾಡಲಾರದು. ಆದರೆ ಹರಿತವಾದ ಕತ್ತಿಯನ್ನು ಮೊಂಡು ಮಾಡಬಲ್ಲದು, ಅದೂ ಹತ್ತೇ ಎಳೆತದಲ್ಲಿ. ‘ಕತ್ತಿ ಕೆಟ್ಟಿದೆ ನೋಡಿ’ ಎಂದು ನನ್ನ ಹತ್ತಿರ ತಂದವರಲ್ಲಿ ಹೆಚ್ಚಿನವರ ಕತ್ತಿ ಕೆಟ್ಟದ್ದು ಗಡ್ಡದಿಂದಲ್ಲ, ಸ್ಟ್ರಾಪಿನಿಂದ.

ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಬಾಯಿ ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ, ತೆಳುವು. ಗಡ್ಡದ ಕೂದಲಿನ ದಪ್ಪ ಸುಮಾರು 100 ಮೈಕ್ರಾನ್. ಅಲಗಿನ ಉಕ್ಕಿಗೆ ಹೋಲಿಸಿದರೆ ಕೂದಲು ಐವತ್ತು ಪಟ್ಟು ಮೆತ್ತಗೆ. ಇಷ್ಟು ಮೆತ್ತಗಿನದು ಅಷ್ಟು ಗಟ್ಟಿಯಾದುದನ್ನು ಹೇಗೆ ಸೋಲಿಸುತ್ತದೆ ಎಂದು ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ನೋಡಿದರು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಾಯಿ ಬರೀ ಸವೆದು ದುಂಡಗಾಗುತ್ತದೆ ಎಂದುಕೊಂಡರೆ, ಅಲ್ಲಿ ಚಕ್ಕೆ ಏಳುತ್ತಿತ್ತು. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ಚಕ್ಕೆ ಹಾರುತ್ತಿತ್ತು. ಅವರು ಪರೀಕ್ಷಿಸಿದ್ದು ಬಳಸಿ ಬಿಸಾಡುವ ಬ್ಲೇಡು. ನಮ್ಮ ಕತ್ತಿಯ ಉಕ್ಕೇ ಬೇರೆ. ಆದರೂ ಒಂದು ಸಂಗತಿ ನಮಗೂ ಹೊಂದುತ್ತದೆ. ಚಕ್ಕೆ ಎದ್ದ ಜಾಗವನ್ನು ಚರ್ಮ ತುಂಬಿಕೊಡಲಾರದು, ಅದು ಕಲ್ಲಿನ ಪಾಲು. ಅತ್ತಿತ್ತ ಬಾಗಿದ್ದನ್ನು ನೆಟ್ಟಗೆ ನಿಲ್ಲಿಸುವುದು, ಸೋಪಿನ ಜಿಡ್ಡು, ಕಣ್ಣಿಗೆ ಕಾಣದ ತುಕ್ಕು ಒರೆಸುವುದು, ಇಷ್ಟು ಸ್ಟ್ರಾಪಿನ ಪಾಲು.

ತೂಗುಹಾಕುವ ಸ್ಟ್ರಾಪಿನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು ಲಿನನ್ ಅಥವಾ ಕ್ಯಾನ್ವಾಸ್ ಬಟ್ಟೆ, ಇನ್ನೊಂದು ಚರ್ಮ. ದನದ್ದು, ಎಮ್ಮೆಯದು, ಕುದುರೆಯದು ಎಲ್ಲ ಚರ್ಮವೂ ನಡೆಯುತ್ತದೆ. ಕುದುರೆಯ ಹಿಂಭಾಗದ ಚರ್ಮದಿಂದ ಮಾಡಿದ ಕಾರ್ಡೊವನ್ ಗಾಜಿನಷ್ಟು ನುಣುಪು, ಬೆಲೆಯೂ ಅದಕ್ಕೆ ತಕ್ಕಂತೆ. ಹೊಸಬರಿಗೆ ಅದು ಬೇಡವೇ ಬೇಡ. ಮೊದಲನೆಯ ಸ್ಟ್ರಾಪ್ ಹೇಗಿದ್ದರೂ ಗಾಯಗೊಳ್ಳುತ್ತದೆ, ಅಗ್ಗದ್ದೇ ಆಗಲಿ. ಅಗಲ 3 ಇಂಚಿದ್ದರೆ ಅಲಗು ಪೂರ್ತಿ ಕೂರುತ್ತದೆ, ನೇರ ಎಳೆದರೆ ಸಾಕು. 2 ಇಂಚಿನದಾದರೆ ಅಲಗಿನ ಹಿಮ್ಮಡಿಯಿಂದ (ಹಿಡಿಯ ಕಡೆಯ ಕೊನೆಯಿಂದ) ತುದಿಯವರೆಗೆ ಓರೆಯಾಗಿ ಸರಿಸುತ್ತ, ಹೋಗುವಾಗ ಬರುವಾಗ ಕತ್ತರಿ ಗುರುತಿನಂತೆ ಎಳೆಯಬೇಕು.

ಎಳೆಯುವ ಕ್ರಮಕ್ಕೆ ನಾಲ್ಕು ಪದ ಸಾಕು: ಬೆನ್ನು ಮುಂದೆ, ಬಾಯಿ ಹಿಂದೆ. ಕತ್ತಿಯ ಬೆನ್ನು, ಬಾಯಿ ಎರಡೂ ಚರ್ಮಕ್ಕೆ ತಾಗಿರಬೇಕು. ಬೆನ್ನು ಒಂದು ಕೂದಲೆಳೆಯಷ್ಟು ಮೇಲೆದ್ದರೂ ಬಾಯಿ ದುಂಡಗಾಗಲು ಶುರು. ಪಟ್ಟಿ ಬಿಗಿಯಾಗಿರಲಿ. ಜೋಲುಬಿಟ್ಟ ಪಟ್ಟಿ ಅಲಗಿನ ಹಿಂದೆ ಬಾಗಿ ಮೇಲೆ ಬಂದು ಬಾಯನ್ನು ಸುತ್ತಿಕೊಳ್ಳುತ್ತದೆ, ಫಲ ಅದೇ. ಒತ್ತಡ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕತ್ತಿಯ ತೂಕ, ಅದರ ಮೇಲೆ ಅದು ಚರ್ಮ ಬಿಟ್ಟು ಏಳದಷ್ಟು ಕೈಯ ಆಸರೆ. ಅದಕ್ಕಿಂತ ಹೆಚ್ಚಿನದೆಲ್ಲ ಜಗಳ.

ನಿಜವಾದ ಕಷ್ಟ ಇರುವುದು ಹೊರಳಿಸುವುದರಲ್ಲಿ. ಎಳೆತದ ಕೊನೆಗೆ ಬಂದಾಗ ಕತ್ತಿ ನಿಲ್ಲಬೇಕು, ಪೂರ್ತಿ ನಿಲ್ಲಬೇಕು. ಆಮೇಲೆ ಬೆನ್ನು ಚರ್ಮ ಬಿಡದ ಹಾಗೆ, ಬೆನ್ನಿನ ಮೇಲೆಯೇ ಅದನ್ನು ಉರುಳಿಸಿ, ಬಾಯಿ ಆಕಾಶ ನೋಡಿ ಆಚೆ ಬದಿಗೆ ಮಲಗುವಂತೆ ಮಾಡಬೇಕು. ಹೊರಳಿಸುವುದು ಹೆಬ್ಬೆರಳು ತೋರುಬೆರಳುಗಳ ನಡುವೆ, ಮಣಿಕಟ್ಟಿನಿಂದಲ್ಲ. ಮಣಿಕಟ್ಟು ತಿರುಗಿದರೆ ಅಲಗಿನ ಒಂದು ತುದಿ ಮೇಲೇಳುತ್ತದೆ. ಸಿನಿಮಾಗಳಲ್ಲಿ ಕ್ಷೌರಿಕರು ಪಟಪಟನೆ ಸದ್ದು ಮಾಡುತ್ತ ಎಳೆಯುವುದನ್ನು ನೋಡಿ ನಾವು ಕೆಟ್ಟೆವು. ಆ ವೇಗ ಕೈಗೆ ತಾನಾಗಿ ಬರುವಂಥದ್ದು, ನಾವು ಹೋಗಿ ಹಿಡಿಯುವಂಥದ್ದಲ್ಲ. ಮೊದಲ ಒಂದು ವಾರ ಬೆಣ್ಣೆ ಸವರುವ ಮೊಂಡು ಚಾಕುವಿನಲ್ಲಿ ಅಭ್ಯಾಸ ಮಾಡಿ. ನಾಚಿಕೆಯ ವಿಷಯವೇನಲ್ಲ.

ಲೆಕ್ಕ ಬೇಕೆನ್ನುವವರಿಗೆ: ಕ್ಷೌರಕ್ಕೆ ಮೊದಲು ಬಟ್ಟೆಯ ಮೇಲೆ ಹೋಗಿಬರುವುದು ಇಪ್ಪತ್ತು ಮೂವತ್ತು ಸಲ, ಚರ್ಮದ ಮೇಲೆ ಐವತ್ತು ಅರವತ್ತು ಸಲ. ಕ್ಷೌರವಾದ ಮೇಲೆ ಕತ್ತಿಯನ್ನು ತೊಳೆದು ಚೆನ್ನಾಗಿ ಒರೆಸಿ, ಬಟ್ಟೆಯ ಮೇಲೆ ಹತ್ತು ಸಲ ಎಳೆದರೆ ಬಾಯಲ್ಲಿ ಉಳಿದ ತೇವ ಹೋಗುತ್ತದೆ. ಇಂಗಾಲದ ಉಕ್ಕಿಗೆ ರಾತ್ರಿಯಿಡೀ ಉಳಿದ ಒಂದು ಹನಿ ನೀರು ವಾರದ ಗಡ್ಡಕ್ಕಿಂತ ದೊಡ್ಡ ವೈರಿ. ಒದ್ದೆ ಕತ್ತಿಯನ್ನು ಮಾತ್ರ ಚರ್ಮಕ್ಕೆ ತಾಗಿಸಬೇಡಿ.

ಇನ್ನು ಸ್ಟ್ರಾಪಿನ ಆರೈಕೆ. ಕನ್ನಡದಲ್ಲಿ ‘ಹದ’ ಎಂಬ ಒಂದೇ ಮಾತು ಉಕ್ಕಿಗೂ ಸಲ್ಲುತ್ತದೆ, ಚರ್ಮಕ್ಕೂ ಸಲ್ಲುತ್ತದೆ. ಆದರೆ ಕತ್ತಿಯ ಹದದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಚರ್ಮದ ಹದ ಕೇಳಿದರೆ ಎಣ್ಣೆ ಸೀಸೆ ತೋರಿಸುತ್ತಾರೆ. ಚರ್ಮಕ್ಕೆ ಬೇಕಾದ ಎಣ್ಣೆ ಹೆಚ್ಚುಕಡಿಮೆ ನಿಮ್ಮ ಅಂಗೈಯಲ್ಲೇ ಇದೆ. ಕೈ ತೊಳೆದು ಒರೆಸಿಕೊಂಡು, ಪ್ರತಿ ಸಲ ಎಳೆಯುವ ಮುಂಚೆ ಅಂಗೈಯಿಂದ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಹತ್ತಿಪ್ಪತ್ತು ಸಲ ಬಿರುಸಾಗಿ ಉಜ್ಜಿ. ಬಿಸಿ ಹುಟ್ಟುತ್ತದೆ, ಧೂಳು ಹೋಗುತ್ತದೆ, ಮೈಯ ಜಿಡ್ಡು ಬೇಕಾದಷ್ಟೇ ಇಳಿಯುತ್ತದೆ. ಎಲ್ಲಾದರೂ ಮರಳಿನ ಕಣ ಕೂತಿದ್ದರೆ ಕತ್ತಿಗಿಂತ ಮೊದಲೇ ಅಂಗೈಗೆ ಗೊತ್ತಾಗುತ್ತದೆ. ಕೆಲವು ತಿಂಗಳಲ್ಲಿ ಚರ್ಮ ಕತ್ತಿಯನ್ನು ಸಣ್ಣಗೆ ಹಿಡಿದು ಬಿಡುವಂತಾಗುತ್ತದೆ. ಆ ಹಿಡಿತವೇ ಸ್ಟ್ರಾಪಿನ ಜೀವ.

ಒಣಗಿ ಬಿರುಸಾದರೆ ಮಾತ್ರ ಚರ್ಮಕ್ಕೆಂದೇ ಇರುವ ಎಣ್ಣೆಯನ್ನು ಬೆರಳ ತುದಿಯಲ್ಲಿ ಮುಟ್ಟಿಸಿ, ಸವರಿ, ಒಂದು ದಿನ ಬಿಡಿ. ಹೆಚ್ಚಾದರೆ ಚರ್ಮ ಮೆತ್ತಗಾಗಿ ಕತ್ತಿಗೆ ಅಂಟುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತರುವುದು ಕಷ್ಟ. ಅಡುಗೆ ಎಣ್ಣೆ ಕಮಟುತ್ತದೆ, ಹತ್ತಿರ ತರಬೇಡಿ. ಬಚ್ಚಲಲ್ಲಿ ತೂಗುಹಾಕಿದರೆ ಬೂಷ್ಟು ಹಿಡಿಯುತ್ತದೆ. ಮಡಚಿದರೆ ಗೆರೆ ಬೀಳುತ್ತದೆ, ಆ ಗೆರೆಯ ಮೇಲೆ ಬಾಯಿ ಪ್ರತಿ ಸಲವೂ ಎಡವುತ್ತದೆ. ಗಾಳಿಯಾಡುವ ಕಡೆ, ಬಿಸಿಲು ತಾಗದಂತೆ, ನೇರವಾಗಿ ನೇತುಹಾಕಿ. ಅಂಚುಗಳು ಒಳಕ್ಕೆ ಬಾಗಿ ದೋಣಿಯಂತಾಗಿದ್ದರೆ ಮೇಜಿನ ಮೇಲೆ ಹಾಸಿ ಗಾಜಿನ ಸೀಸೆಯಿಂದ ಲಟ್ಟಿಸಿದಂತೆ ಉರುಳಿಸಿ. ಬಟ್ಟೆಯ ಪಟ್ಟಿಯನ್ನು ಬಿಚ್ಚಲು ಬಂದರೆ ಸೋಪಿನಲ್ಲಿ ತೊಳೆದು, ಎಳೆದು ಹಿಡಿದು ಒಣಗಿಸಬಹುದು.

ಕೆಲವರು ಸ್ಟ್ರಾಪಿಗೆ ಹಚ್ಚುವ ಹಸಿರು ಪೇಸ್ಟಿನ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಅದು ಕ್ರೋಮಿಯಂ ಆಕ್ಸೈಡ್, ಸುಮಾರು ಅರ್ಧ ಮೈಕ್ರಾನಿನ ಪುಡಿ. ಅದು ಉಕ್ಕನ್ನು ತೇಯುತ್ತದೆ. ಎಂದರೆ ಕಲ್ಲಿನ ತಮ್ಮನೇ ಹೊರತು ಚರ್ಮದ ಗೆಳೆಯನಲ್ಲ. ಅದಕ್ಕೆ ಬೇರೆ ಪಟ್ಟಿ ಇಟ್ಟುಕೊಳ್ಳಿ, ಕತ್ತಿ ಗಡ್ಡವನ್ನು ಕತ್ತರಿಸದೆ ಜಗ್ಗತೊಡಗಿದಾಗ ಹತ್ತು ಸಲ ಸಾಕು. ದಿನನಿತ್ಯದ ಚರ್ಮಕ್ಕೆ ಒಮ್ಮೆ ಪೇಸ್ಟ್ ಹತ್ತಿತೆಂದರೆ ಮುಗಿಯಿತು, ಮರಳಿ ಬರೀ ಚರ್ಮ ಆಗುವುದಿಲ್ಲ. ಪೇಸ್ಟಿನ ಮೋಹ ಇಂದಿನದಲ್ಲ ಬಿಡಿ. 1790ರ ದಶಕದ ಲಂಡನ್ನಿನಲ್ಲಿ ಜಾರ್ಜ್ ಪ್ಯಾಕ್‌ವುಡ್ ಎಂಬಾತ ಸ್ಟ್ರಾಪನ್ನೂ ಪೇಸ್ಟನ್ನೂ ಪದ್ಯ ಕಟ್ಟಿ, ಒಗಟು ಹೇಳಿ ಪತ್ರಿಕೆಗಳಲ್ಲಿ ಮಾರಿದ. ಜಾಹೀರಾತಿನ ಚರಿತ್ರೆಯಲ್ಲಿ ಅವನ ಹೆಸರು ಉಳಿದದ್ದು ಆ ಪದ್ಯಗಳಿಂದ.

ಈಗ ನನ್ನ ಗಾಯಾಳು ಸ್ಟ್ರಾಪನ್ನು ಈ ಕಡೆಯಿಂದ ದಾಟಿಸುತ್ತೇನೆ. ಗಾಯ ಎಲ್ಲಿದೆ ನೋಡಿ. ಮೇಲ್ತುದಿಯ ಹತ್ತಿರವಿದ್ದರೆ, ಕತ್ತಿ ದೂರ ಸರಿಯುತ್ತಿರುವಾಗಲೇ ಹೊರಳಿಸಿದ್ದಾರೆ ಎಂದು ತಿಳಿಯಿರಿ, ನನ್ನದು ಅದೇ. ಕೈ ಹಿಡಿಯುವ ತುದಿಯಲ್ಲಿದ್ದರೆ, ಮರಳಿ ಬರುವಾಗ ಆತುರಪಟ್ಟಿದ್ದಾರೆ. ಎದ್ದ ಚಕ್ಕೆಯನ್ನು ನಾನು ರಬ್ಬರ್ ಅಂಟಿನಿಂದ ಕೂರಿಸಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ್ದೇನೆ. ಕಣ್ಣಿಗೆ ಕಾಣುತ್ತದೆ, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೆ ಸಿಗುವುದಿಲ್ಲ. ಅಷ್ಟಾದರೆ ಕತ್ತಿಗೂ ಸಿಗುವುದಿಲ್ಲ. ಬೆರಳಾಡಿಸಿ ನೋಡಿ, ಕತ್ತಿ ನನ್ನ ಹತ್ತಿರವೇ ಇರಲಿ.