ಗ್ರಾಂ ಬಿಡಿ, ಮೋಲ್ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ಬಳ್ಳಾರಿ ಸೀಮೆಯಲ್ಲಿ ಪಿಯುಸಿ ಪುಸ್ತಕ ತೆರೆದುಕೊಂಡು ರೇಡಿಯೊ ಹಚ್ಚಿ ಕುಳಿತಿರುವ ಮಕ್ಕಳಿಗಾಗಿಯೇ ಈ ಮಾತು. ರಸಾಯನಶಾಸ್ತ್ರದಲ್ಲಿ ಲೆಕ್ಕ ಬಂತೆಂದರೆ ಹಾಳೆ ಮಗುಚುವವರೇ ಹೆಚ್ಚು. ಸೂತ್ರಗಳನ್ನು ಸದ್ಯಕ್ಕೆ ಬದಿಗಿಟ್ಟು ಒಂದೇ ಮಾತು ಬರೆದುಕೊಳ್ಳಿ: ಸಮೀಕರಣದೊಳಗೆ ಗ್ರಾಂ ಹೊತ್ತುಕೊಂಡು ಹೋಗಬೇಡಿ, ಮೋಲ್ ಮಾಡಿಕೊಂಡು ಹೋಗಿ.

ಏಕೆಂದರೆ ಸಮೀಕರಣದಲ್ಲಿರುವ ಒಂದು, ಎರಡು, ಮೂರು ಎಂಬ ಅಂಕಿಗಳು ಎಣಿಕೆಗೆ ಸಂಬಂಧಿಸಿದವು, ತೂಕಕ್ಕಲ್ಲ. ನಮ್ಮೂರಿನ ಜೀನ್ಸ್ ಹೊಲಿಯುವವರನ್ನು ನೋಡಿ. ರಿವೆಟ್ ಕಿಲೋ ಲೆಕ್ಕದಲ್ಲೇ ಬರಲಿ, ಪ್ಯಾಂಟಿಗೆ ಹಾಕುವಾಗ ಎಣಿಸಿಯೇ ಹಾಕುತ್ತಾರೆ. ಕಣಗಳು ಕೂಡುವುದೂ ಎಣಿಕೆಯಲ್ಲೇ. ಆ ಎಣಿಕೆಯ ಕಟ್ಟಿಗೆ ಮೋಲ್ ಎನ್ನುತ್ತೇವೆ.

ಸಂಡೂರು ಕಡೆಯ ಹುಡುಗನೊಬ್ಬ ಒಮ್ಮೆ ಚೀಲದಲ್ಲಿ ಅದಿರಿನ ಕಲ್ಲೊಂದನ್ನು ತಂದಿದ್ದ. ಹೊರಗೆ ಬೂದುಗಪ್ಪು; ಪಿಂಗಾಣಿ ಬಿಲ್ಲೆಯ ನುಣುಪಿಲ್ಲದ ಬೆನ್ನಿಗೆ ಉಜ್ಜಿದರೆ ಕಡುಗೆಂಪು ಗೀರು. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಗುರುತೇ ಅದು. "ಸರ್, ಇದರಲ್ಲಿ ಕಬ್ಬಿಣ ಎಷ್ಟಿದೆ?" ಎಂದ. ಅಂದಿನ ಪಾಠ ಅಲ್ಲಿಗೇ ನಿಂತಿತು. ಇಂಥ ಪ್ರಶ್ನೆ ದಿನಾ ಬರುತ್ತದೆಯೇ?

ಕಲ್ಲನ್ನು ತೂಗಿದೆವು: 208 ಗ್ರಾಂ. ಅಳತೆಯ ಸಿಲಿಂಡರಿನಲ್ಲಿ 200 ಮಿಲಿಲೀಟರ್ ನೀರು ತುಂಬಿ, ದಾರ ಕಟ್ಟಿ ಮೆಲ್ಲಗೆ ಇಳಿಸು ಎಂದೆ. ಕೈಬಿಟ್ಟರೆ ಗಾಜಿನ ತಳ ಹೋದಂತೆಯೇ. ನೀರು 240ಕ್ಕೆ ಏರಿತು. ಅಂದರೆ ಕಲ್ಲಿನ ಗಾತ್ರ 40 ಮಿಲಿಲೀಟರ್. 208ನ್ನು 40ರಿಂದ ಭಾಗಿಸಿದರೆ ಮಿಲಿಲೀಟರಿಗೆ 5.2 ಗ್ರಾಂ. ಅದೇ ಸಾಂದ್ರತೆ. ಗ್ರಾನೈಟ್ ಆಗಿದ್ದರೆ 2.7ರ ಆಸುಪಾಸು ಬರುತ್ತಿತ್ತು. ಶುದ್ಧ ಹೆಮಟೈಟ್‌ನದು ಸುಮಾರು 5.3. ಸರಿ, ಪೂರ್ತಿ ಹೆಮಟೈಟ್ ಎಂದೇ ಹಿಡಿಯೋಣ ಎಂದೆ.

ಹೆಮಟೈಟ್ ಎಂದರೆ ಫೆರಿಕ್ ಆಕ್ಸೈಡ್. ಅದರಿಂದ ಕಬ್ಬಿಣ ತೆಗೆಯುವ ಸಮೀಕರಣವನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಒಂದು ಫೆರಿಕ್ ಆಕ್ಸೈಡ್, ಮೂರು ಕಾರ್ಬನ್ ಮಾನಾಕ್ಸೈಡ್ ಸೇರಿ ಎರಡು ಕಬ್ಬಿಣ, ಮೂರು ಕಾರ್ಬನ್ ಡೈಆಕ್ಸೈಡ್. ಬರೆದು ಮುಗಿಸುವುದರೊಳಗೆ ಹುಡುಗ ಕೂಗಿದ: "ಒಂದಕ್ಕೆ ಎರಡು, ಸರ್! 416 ಗ್ರಾಂ ಕಬ್ಬಿಣ!" ನಾನು ಏನೂ ಹೇಳದೆ ಕಲ್ಲನ್ನು ಅವನ ಅಂಗೈಯಲ್ಲಿಟ್ಟೆ. 208 ಗ್ರಾಂ ಕಲ್ಲಿನಿಂದ 416 ಗ್ರಾಂ ಕಬ್ಬಿಣ! ಹಾಗಿದ್ದರೆ ಸಂಡೂರಿನ ಗುಡ್ಡಗಳು ಕರಗುತ್ತಲೇ ಇರಲಿಲ್ಲ. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ.

ಆಮೇಲೆ ಅವನೇ ಮಾಡಿದ. ಫೆರಿಕ್ ಆಕ್ಸೈಡ್‌ನ ಒಂದು ಮೋಲ್ 160 ಗ್ರಾಂ. 208ನ್ನು 160ರಿಂದ ಭಾಗಿಸಿದರೆ 1.3 ಮೋಲ್. ಈಗ ಒಂದಕ್ಕೆ ಎರಡು ಎನ್ನಬಹುದು: ಕಬ್ಬಿಣ 2.6 ಮೋಲ್. ಕಬ್ಬಿಣದ ಮೋಲ್ 56 ಗ್ರಾಂ, ಗುಣಿಸಿದರೆ 145.6 ಗ್ರಾಂ. ಉಳಿದದ್ದು ಆಮ್ಲಜನಕ. ಗ್ರಾಂನಿಂದ ಮೋಲ್, ಮೋಲ್‌ನಿಂದ ಮೋಲ್, ಮತ್ತೆ ಗ್ರಾಂ. ದಾರಿ ಇಷ್ಟೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದ್ರವವನ್ನು ಮಿಲಿಲೀಟರಿನಲ್ಲಿ ಕೊಟ್ಟರೆ ಮೊದಲು ಸಾಂದ್ರತೆಯಿಂದ ಗುಣಿಸಿ ಗ್ರಾಂ ಮಾಡಿ. ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 1.84, 10 ಮಿಲಿಲೀಟರ್ ಎಂದರೆ 18.4 ಗ್ರಾಂ. ಅದರಲ್ಲಿ ನೂರಕ್ಕೆ 98 ಭಾಗ ಆಮ್ಲ, ಅದರ ಒಂದು ಮೋಲ್ ತೂಗುವುದೂ 98 ಗ್ರಾಂ, ಆದ್ದರಿಂದ 0.184 ಮೋಲ್. ದ್ರವ್ಯರಾಶಿ, ಸಾಂದ್ರತೆ, ಗಾತ್ರ ಮೂರನ್ನೂ ತ್ರಿಕೋನದಲ್ಲಿ ಬರೆದು, ಬೇಕಾದದ್ದನ್ನು ಬೆರಳಿನಿಂದ ಮುಚ್ಚಿ ನೋಡುವ ಅಭ್ಯಾಸ ಮಾತ್ರ ದಯವಿಟ್ಟು ಬಿಡಿ. ಏಕಮಾನ ಬರೆದರೆ ಗುಣಿಸಬೇಕೋ ಭಾಗಿಸಬೇಕೋ ಅದೇ ಹೇಳುತ್ತದೆ. ಎರಡು ವಸ್ತುಗಳ ಪ್ರಮಾಣ ಕೊಟ್ಟಿದ್ದರೆ ಎರಡನ್ನೂ ಮೋಲ್ ಮಾಡಿ, ಸಮೀಕರಣದ ಅಂಕಿಯಿಂದ ಭಾಗಿಸಿ. ಯಾವುದು ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ. ಉತ್ತರ ಅದರ ಮೇಲೇ ನಿಂತಿರುತ್ತದೆ.

ಒಂದು ಲೆಕ್ಕ ನಿಮಗೆ ಬಿಡುತ್ತೇನೆ. ಒಂದು ಟನ್ ಶುದ್ಧ ಹೆಮಟೈಟ್‌ಗೆ ಕಾರ್ಬನ್ ಮಾನಾಕ್ಸೈಡ್ ಎಷ್ಟು ಬೇಕು? 525 ಕಿಲೋ ಬರಬೇಕು. ಮೂರು ಟನ್ ಎಂದು ಬಂದವರು ಎಲ್ಲಿ ಜಾರಿದರು ಎಂಬುದನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ನಮಸ್ಕಾರ.