ಕಂಪ್ಯೂಟರ್ ಒಳಗೊಂದು ಫೋನ್

ಎಲ್ಲರಿಗೂ ನಮಸ್ಕಾರ.

ಆ್ಯಪ್ ಮಾಡುವುದನ್ನು ಕಲಿಯಬೇಕು ಎಂದು ಆಸೆಯಿಂದ ಕೂತವರು ಒಂದು ಸಾಲು ಕೋಡ್ ಬರೆಯುವ ಮೊದಲೇ ಎದ್ದು ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೋಡ್ ಕಷ್ಟವಾಯಿತು ಅಂತಲ್ಲ. ಟೂಲ್‌ಗಳನ್ನು ಹಾಕಿಕೊಳ್ಳುವಾಗಲೇ ಪರದೆ ತುಂಬ ಕೆಂಪು ಅಕ್ಷರ ಬರುತ್ತದೆ. ಕಂಪ್ಯೂಟರ್ ಒಳಗೆ ಫೋನಿನಂತೆ ಓಡುವ ಎಮ್ಯುಲೇಟರ್ ಕಪ್ಪಗೆ ನಿಂತುಬಿಡುತ್ತದೆ. 'ಇದು ನನ್ನ ಕೈಲಾಗುವ ಕೆಲಸವಲ್ಲ' ಅನ್ನಿಸಿಬಿಡುತ್ತದೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಯಾವ ಟೂಲ್ ಯಾವ ಕೆಲಸ ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಇವತ್ತು ಅದನ್ನೇ ಹೇಳುತ್ತೇನೆ. ಆಂಡ್ರಾಯ್ಡ್ ಬಗ್ಗೆ ಜಾಸ್ತಿ, ಐಫೋನ್ ಬಗ್ಗೆ ಎರಡೇ ಮಾತು.

ಮೊದಲು ಕೋಡ್ ಬರೆಯಲು ಎಕ್ಲಿಪ್ಸ್ ಎಂಬ ತಂತ್ರಾಂಶ ಬೇರೆ, ಅದಕ್ಕೊಂದು ಪ್ಲಗಿನ್ ಬೇರೆ, ಆ್ಯಪ್ ಕಟ್ಟುವ ಸಾಮಾನಿನ ಗಂಟಾದ ಎಸ್‌ಡಿಕೆ ಬೇರೆ ತಂದು ಜೋಡಿಸಬೇಕಿತ್ತು. 2013ರಲ್ಲಿ ಗೂಗಲ್ ಆಂಡ್ರಾಯ್ಡ್ ಸ್ಟುಡಿಯೋ ಪ್ರಕಟಿಸಿತು. 2014ರ ಡಿಸೆಂಬರ್‌ನಲ್ಲಿ ಅದರ 1.0 ಆವೃತ್ತಿ ಬಂತು. ಈಗ ಒಂದೇ ಇನ್‌ಸ್ಟಾಲರ್ ಓಡಿಸಿದರೆ ಸಾಕು, ಬೇಕಾದ ಜಾವಾ ಕೂಡ ಅದರ ಜೊತೆಗೇ ಬರುತ್ತದೆ. ಇದರಿಂದ ಕೆಲಸ ಸುಲಭವಾಯಿತು, ನಿಜ. ಆದರೆ ಒಳಗೆ ಎಷ್ಟು ಭಾಗಗಳಿವೆ ಎಂಬುದು ಕಣ್ಣಿಗೆ ಕಾಣದಂತಾಯಿತು. ಏನಾದರೂ ಕೆಟ್ಟಾಗ ಎಲ್ಲಿ ಹುಡುಕಬೇಕು ಎಂದು ಹೊಸಬರಿಗೆ ತೋಚುವುದಿಲ್ಲ.

ಸ್ಟುಡಿಯೋ ಎಂದರೆ ನೀವು ಕೂತು ಬರೆಯುವ ಜಾಗ. ಆ್ಯಪ್ ಕಟ್ಟಲು ಬೇಕಾದ ಸಾಮಾನೆಲ್ಲ ಎಸ್‌ಡಿಕೆಯಲ್ಲಿದೆ. ಆ ಸಾಮಾನನ್ನು ಕ್ರಮವಾಗಿ ಜೋಡಿಸಿ ಆ್ಯಪ್ ಆಗಿಸುವುದು ಗ್ರೇಡಲ್. ಆದ ಆ್ಯಪನ್ನು ಫೋನಿಗೆ ಅಥವಾ ಎಮ್ಯುಲೇಟರ್‌ಗೆ ಮುಟ್ಟಿಸುವುದು ಎಡಿಬಿ. ಈ ನಾಲ್ಕನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಎರರ್ ಓದುವ ರೀತಿಯೇ ಬದಲಾಗುತ್ತದೆ. 'ಎಸ್‌ಡಿಕೆ ಎಲ್ಲಿದೆ ಗೊತ್ತಾಗುತ್ತಿಲ್ಲ' ಎಂದು ಬಂದರೆ ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ, ಫೋಲ್ಡರ್ ದಾರಿ ತಪ್ಪಿದೆ. ಅಲ್ವಾ?

ಗ್ರೇಡಲ್ ಬಗ್ಗೆ ಒಂದು ಮಾತು. ಮೊದಲ ಪ್ರಾಜೆಕ್ಟ್ ತೆರೆದಾಗ ಅದು ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನೆಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಹ್ಯಾಂಗ್ ಆಯಿತು ಅಂದುಕೊಂಡು ಮಧ್ಯದಲ್ಲೇ ಮುಚ್ಚಿಬಿಡಬೇಡಿ. ಕಿಟಕಿಯ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಓಡುತ್ತಿರುತ್ತದೆ, ಅದನ್ನು ನೋಡಿ. ಅದು ಬದಲಾಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಎರಡನೇ ಸಲದಿಂದ ಇಷ್ಟು ಕಾಯಬೇಕಾಗಿಲ್ಲ.

ಎಸ್‌ಡಿಕೆ ಮ್ಯಾನೇಜರ್ ತೆರೆದರೆ ಆಂಡ್ರಾಯ್ಡ್ ಆವೃತ್ತಿಗಳ ಉದ್ದ ಪಟ್ಟಿ ಕಾಣುತ್ತದೆ. ಪ್ರತಿ ಆವೃತ್ತಿಗೂ ಎಪಿಐ ಲೆವೆಲ್ ಎಂಬ ಸಂಖ್ಯೆ ಇದೆ. ಆಂಡ್ರಾಯ್ಡ್ 9 ಎಂದರೆ 28, ಆಂಡ್ರಾಯ್ಡ್ 14 ಎಂದರೆ 34. ಸುಮ್ನೆ ಎಲ್ಲಕ್ಕೂ ಟಿಕ್ ಹಾಕಬೇಡಿ. ಒಂದೊಂದೂ ಡಿಸ್ಕ್ ಜಾಗ ತಿನ್ನುತ್ತದೆ. ಶುರುವಿಗೆ ಒಂದು ಸಾಕು.

ಈಗ ಎಮ್ಯುಲೇಟರ್‌ಗೆ ಬರೋಣ. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಎಮ್ಯುಲೇಟರ್ ಎಂದರೆ ಫೋನಿನ ಚಿತ್ರವಲ್ಲ. ಅದು ಕಂಪ್ಯೂಟರ್ ಒಳಗಿನ ಇನ್ನೊಂದು ಕಂಪ್ಯೂಟರ್. ಕ್ಯೂಇಎಂಯು ಎಂಬ ತಂತ್ರಾಂಶದ ತಳಹದಿಯ ಮೇಲೆ ಅದು ನಿಂತಿದೆ. ಅದರೊಳಗೆ ಆಂಡ್ರಾಯ್ಡ್ ಪೂರ್ತಿಯಾಗಿ, ತನ್ನದೇ ಲಿನಕ್ಸ್ ಕರ್ನಲ್ ಎಂಬ ಒಳತಿರುಳಿನ ಸಮೇತ ಓಡುತ್ತದೆ. ಅದಕ್ಕೂ ರ‍್ಯಾಮ್ ಬೇಕು, ಡಿಸ್ಕ್ ಬೇಕು, ಪ್ರೊಸೆಸರ್ ಪಾಲು ಬೇಕು. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಸ್ಟುಡಿಯೋ, ಬ್ರೌಸರ್, ಎಮ್ಯುಲೇಟರ್ ಮೂರೂ ಒಟ್ಟಿಗೆ ಏದುಸಿರು ಬಿಡುತ್ತವೆ. 16 ಇದ್ದರೆ ನೆಮ್ಮದಿ.

ನಾನು ಮೊದಲ ಸಲ ಎಮ್ಯುಲೇಟರ್ ಹಾಕಿದಾಗ ಎರಡು ಸಂಜೆ ಹೋದವು. ಬಟನ್ ಒತ್ತಿ ಕಾಯುತ್ತಿದ್ದೆ, ಆಂಡ್ರಾಯ್ಡ್ ಹೆಸರು ಮಿನುಗುತ್ತಲೇ ಇತ್ತು. ಮನೆ ಪರದೆ ಬಂದ ಮೇಲೂ ಒಂದು ಕಡೆ ಮುಟ್ಟಿದರೆ ಎಷ್ಟೋ ಹೊತ್ತಿನ ನಂತರ ಅಲುಗುತ್ತಿತ್ತು. ಅಳಿಸಿ ಮತ್ತೆ ಹಾಕಿದೆ, ಅದೇ ಕತೆ. ಕೊನೆಗೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಮೊದಲೇ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ ಪುಟಗಳ ಒಳಗೆ ಹೋದೆ. ಪ್ರೊಸೆಸರ್ ಪುಟದಲ್ಲಿ ವರ್ಚುವಲೈಸೇಶನ್ ಎಂಬ ಸಾಲಿನ ಮುಂದೆ 'ಡಿಸೇಬಲ್ಡ್' ಎಂದಿತ್ತು. ಅದನ್ನು 'ಎನೇಬಲ್ಡ್' ಮಾಡಿ, ಉಳಿಸಿ, ಹೊರಗೆ ಬಂದೆ. ಅದೇ ಯಂತ್ರ, ಅದೇ ಎಮ್ಯುಲೇಟರ್. ಬೆರಳು ಎಳೆದ ಹಾಗೆ ಪರದೆ ಜಾರಿತು. ಆ ಕ್ಷಣದ ಖುಷಿ ಇನ್ನೂ ನೆನಪಿದೆ.

ಆ ಒಂದು ಸಾಲು ಮಾಡಿದ್ದೇನು? ಅದು ಬಂದ್ ಆಗಿದ್ದಾಗ ಒಳಗಿನ ಫೋನಿನ ಒಂದೊಂದು ಆದೇಶವನ್ನೂ ಎಮ್ಯುಲೇಟರೇ ಅನುವಾದಿಸಿ ಪ್ರೊಸೆಸರ್‌ಗೆ ಕೊಡಬೇಕು. ಅದು ತೆರೆದಿದ್ದರೆ ಪ್ರೊಸೆಸರ್ ಆ ಆದೇಶಗಳನ್ನು ನೇರವಾಗಿ ತಾನೇ ನಡೆಸುತ್ತದೆ. ಇಂಟೆಲ್ ಯಂತ್ರದಲ್ಲಿ ಈ ಸಾಲಿಗೆ ವಿಟಿ-ಎಕ್ಸ್ ಎಂಬ ಹೆಸರಿರಬಹುದು, ಎಎಂಡಿಯಲ್ಲಿ ಎಸ್‌ವಿಎಂ. ಲಿನಕ್ಸ್‌ನಲ್ಲಿ ಇದರ ಮೇಲೆ, ಈ ಸೌಲಭ್ಯವನ್ನು ಎಮ್ಯುಲೇಟರ್‌ಗೆ ಒದಗಿಸುವ ಕೆವಿಎಂ ಬೇಕು. ನಿಮ್ಮ ಯೂಸರ್‌ಗೆ ಅದನ್ನು ಬಳಸುವ ಅನುಮತಿ ಇರಬೇಕು, ಯೂಸರನ್ನು ಅದರ ಗುಂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಬರಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಎಂಬುದನ್ನು ಆನ್ ಮಾಡಿ. ಹಳೇ ಪಾಠಗಳಲ್ಲಿ ಇದೇ ಕೆಲಸಕ್ಕೆ ಇಂಟೆಲ್‌ನ ಎಚ್‌ಎಎಕ್ಸ್‌ಎಂ ಹಾಕಿ ಎಂದು ಬರೆದಿರುತ್ತದೆ. ಇಂಟೆಲ್ ಅದನ್ನು 2023ರಲ್ಲಿ ಕೈಬಿಟ್ಟಿದೆ, ಅದರ ಹಿಂದೆ ಹೋಗಬೇಡಿ.

ಸಿಸ್ಟಮ್ ಇಮೇಜ್, ಅಂದರೆ ಎಮ್ಯುಲೇಟರ್ ಒಳಗೆ ಓಡುವ ಆಂಡ್ರಾಯ್ಡ್‌ನ ಸಿದ್ಧ ಕಡತ, ಆರಿಸುವಾಗಲೂ ಇದೇ ಮಾತು. ಇಂಟೆಲ್, ಎಎಂಡಿ ಯಂತ್ರಕ್ಕೆ ಎಕ್ಸ್86 ಇಮೇಜ್. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗೆ ಆರ್ಮ್ ಇಮೇಜ್. ಒಳಗಿನ ಫೋನು ಹೊರಗಿನ ಯಂತ್ರದ ಭಾಷೆಯನ್ನೇ ಆಡಬೇಕು.

ಒಂದು ದಿನ ಎಮ್ಯುಲೇಟರ್ ಇದ್ದಕ್ಕಿದ್ದ ಹಾಗೆ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಬೇಗ ತೆರೆಯಲೆಂದು ಅದು ಹೋದ ಸಲದ ಸ್ಥಿತಿಯನ್ನು ಉಳಿಸಿಟ್ಟುಕೊಂಡಿರುತ್ತದೆ. ಆ ನಕಲೇ ಕೆಟ್ಟಿದ್ದರೆ ಎಷ್ಟು ಸಲ ತೆರೆದರೂ ಅದೇ ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ 'ಕೋಲ್ಡ್ ಬೂಟ್' ಕೊಡಿ, ಆ ನಕಲನ್ನು ಬಿಟ್ಟು ಹೊಸದಾಗಿ ತೆರೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಒಳಗಿನ ಫೋನಿನ ಮಾಹಿತಿಯನ್ನೆಲ್ಲ ಅಳಿಸುವ 'ವೈಪ್ ಡೇಟಾ'. ಸ್ಟುಡಿಯೋವನ್ನೇ ಕಿತ್ತುಹಾಕುವ ಅಗತ್ಯವಿಲ್ಲ.

ಇನ್ನೊಂದು ಗಂಟು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸರ್ವರ್ ಓಡುತ್ತಿದೆ ಎನ್ನಿ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಅಂದರೆ 'ಇದೇ ಕಂಪ್ಯೂಟರ್', ಎಂದು ಕೊಟ್ಟರೆ ಚೆನ್ನಾಗಿ ತೆರೆಯುತ್ತದೆ. ಎಮ್ಯುಲೇಟರ್ ಒಳಗಿನ ಆ್ಯಪ್‌ನಲ್ಲಿ ಅದನ್ನೇ ಬರೆದರೆ 'ಕನೆಕ್ಷನ್ ರೆಫ್ಯೂಸ್ಡ್'. ಅದು ಬೇರೆಯೇ ಕಂಪ್ಯೂಟರ್ ಎಂದೆನಲ್ಲ? ಅದರ ಲೋಕಲ್‌ಹೋಸ್ಟ್ ಎಂದರೆ ಅದೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಲ್ಯಾಪ್‌ಟಾಪ್ ತಲುಪಲು 10.0.2.2 ಎಂಬ ವಿಳಾಸ ಕೊಡಬೇಕು. ಅಷ್ಟಾದರೂ ಕೆಲಸ ಆಗದಿದ್ದರೆ ವಿಳಾಸದ ಮೊದಲು ಎಚ್‌ಟಿಟಿಪಿಎಸ್ ಬದಲು ಬರೀ ಎಚ್‌ಟಿಟಿಪಿ ಇದೆಯೇ ನೋಡಿ. ಹೊಸ ಆ್ಯಪ್‌ಗಳಿಗೆ ಆಂಡ್ರಾಯ್ಡ್ 9ರಿಂದ ಈಚೆಗೆ ಅದು ತಾನಾಗಿಯೇ ತಡೆಯಲ್ಪಡುತ್ತದೆ. ಪರೀಕ್ಷೆಗೆ ಬೇಕಾದರೆ ಅನುಮತಿ ಬರೆದುಕೊಳ್ಳಬೇಕು.

ಐಫೋನ್ ಆ್ಯಪ್‌ಗೆ ಸ್ಟುಡಿಯೋ ಬದಲು ಆಪಲ್‌ನ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಅಲ್ಲಿರುವುದು ಎಮ್ಯುಲೇಟರ್ ಅಲ್ಲ, ಸಿಮ್ಯುಲೇಟರ್. ಆ್ಯಪನ್ನು ಮ್ಯಾಕ್‌ನ ಪ್ರೊಸೆಸರ್‌ಗೇ ಕಂಪೈಲ್ ಮಾಡಿ ಓಡಿಸುತ್ತದೆ, ಹಾಗಾಗಿ ಬೇಗ ತೆರೆಯುತ್ತದೆ.

ಯಂತ್ರ ಹಳೆಯದು, ಎಮ್ಯುಲೇಟರ್ ಎಳೆಯುವುದಿಲ್ಲ ಎನ್ನುವವರು ಬೇಸರ ಮಾಡಿಕೊಳ್ಳಬೇಡಿ. ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನೇ ಸಾಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಹುಡುಕಿ 7 ಸಲ ಮುಟ್ಟಿ. ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿ. 'ಎಡಿಬಿ ಡಿವೈಸಸ್' ಎಂದು ಕಮಾಂಡ್ ಕೊಟ್ಟಾಗ 'ಅನ್‌ಆಥರೈಸ್ಡ್' ಎಂದು ಬಂದರೆ ಕಂಪ್ಯೂಟರ್ ಬಿಟ್ಟು ಫೋನಿನ ಪರದೆ ನೋಡಿ. 'ಯುಎಸ್‌ಬಿ ಡಿಬಗ್ಗಿಂಗ್‌ಗೆ ಅನುಮತಿ ಕೊಡಲೇ?' ಎಂದು ಅದು ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್‌ಗಳನ್ನು ತೆರೆಯಿರಿ. ಸ್ಟುಡಿಯೋ ಇನ್ನೂ ಬೇಡ. ಮೊದಲು ಬಯೋಸ್‌ಗೆ ಹೋಗಿ ಆ ಒಂದು ಸಾಲು ಹುಡುಕೋಣ. ಸಿಗದವರು ಕೈ ಎತ್ತಿ, ನಾನೇ ಅಲ್ಲಿಗೆ ಬರುತ್ತೇನೆ.