ಜಿಪ್ ಅನ್ನೋ ಸದ್ದು

ಈ ಸದ್ದು ಕೇಳಿಸಿತಾ? ನನ್ನ ಜಾಕೆಟ್ಟಿನ ಜಿಪ್ಪು. ಇರಿ, ಇನ್ನೊಂದು ಸಲ ಎಳೆಯುತ್ತೇನೆ.

ಜಿಪ್ಪು ಎಳೆದಾಗ ಬರುವ ಈ ಸದ್ದಿನಿಂದಲೇ ಅದಕ್ಕೆ ಆ ಹೆಸರು ಬಂದಿರಬೇಕು ಅಂತ ತುಂಬಾ ವರ್ಷ ಅಂದುಕೊಂಡಿದ್ದೆ. ಆದರೆ ಜಿಪ್ಪಿಗಿಂತ ಮೊದಲು ಹುಟ್ಟಿದ್ದು ಜಿಪ್ ಅನ್ನೋ ಪದ. 19ನೇ ಶತಮಾನದ ಇಂಗ್ಲಿಷಿನಲ್ಲಿ ಬಂದೂಕಿನ ಗುಂಡು ಕಿವಿ ಪಕ್ಕ ಹಾದುಹೋದರೆ ಜಿಪ್. ಬಟ್ಟೆ ಹರಿದರೂ ಜಿಪ್. ನಮ್ಮ ಸುಂಯ್, ಪರ್ರ್ ಇದ್ದ ಹಾಗೆ.

ಹಾವು ಸರ್ರನೆ ಹೋಯಿತು ಅನ್ನುತ್ತೇವೆ. ಆ ಸರ್ರನೆ ಸದ್ದೋ, ವೇಗವೋ? ಎರಡೂ, ಅಲ್ವಾ? ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳಿಗೆ ಅನುಕರಣಾವ್ಯಯ ಅಂತಾರೆ. ಜಿಪ್ ಕೂಡ ಹೀಗೆಯೇ ಸದ್ದಿನಿಂದ ವೇಗಕ್ಕೆ ಜಾರಿತು. ಆಮೇಲೆ ಹುರುಪು ಅನ್ನೋ ಅರ್ಥವೂ ಸೇರಿಕೊಂಡಿತು.

ಈಗ ಜಾಕೆಟ್ಟಿಗೆ ಬರೋಣ. ಇವತ್ತಿನ ಜಿಪ್ಪಿನ ರೂಪ ಕೊಟ್ಟವರು ಗಿಡಿಯನ್ ಸುಂಡ್‌ಬ್ಯಾಕ್. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಂಜಿನಿಯರ್. 1917ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಾಗ ಅದಕ್ಕೆ ಜಿಪ್ಪರ್ ಅನ್ನೋ ಹೆಸರೇ ಇರಲಿಲ್ಲ. 1923ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿ ಅದನ್ನು ತನ್ನ ರಬ್ಬರ್ ಬೂಟುಗಳಿಗೆ ಹೊಲಿಸಿತು. ಸರ್ರಂತ ಎಳೆದರೆ ಬೂಟು ಹಾಕಿದ ಹಾಗೆ! ಆ ಬೂಟಿಗೇ ಜಿಪ್ಪರ್ ಅಂತ ಹೆಸರಿಟ್ಟರು. ಜನ ಆ ಹೆಸರನ್ನು ಬೂಟಿನಿಂದ ಕಿತ್ತು, ಹಲ್ಲುಹಲ್ಲಿನ ಆ ಪಟ್ಟಿಗೆ ಅಂಟಿಸಿಬಿಟ್ಟರು. ಈ ಭಾಗ ನನಗೆ ತುಂಬಾ ಇಷ್ಟ. ಹೆಸರು ಯಾರದ್ದು ಅಂತ ಕೊನೆಗೆ ತೀರ್ಮಾನ ಮಾಡಿದ್ದು ಆಡುವ ಬಾಯಿಗಳು.

1963ರ ಜುಲೈ 1ರಂದು ಅಮೆರಿಕದ ಅಂಚೆ ಇಲಾಖೆ ಐದು ಅಂಕಿಯ ಜಿಪ್ ಕೋಡ್ ತಂದಿತು, ನಮ್ಮ ಪಿನ್ ಕೋಡ್ ಇದ್ದ ಹಾಗೆ. ಜಿಪ್ ಅಂದರೆ ಝೋನ್ ಇಂಪ್ರೂವ್‌ಮೆಂಟ್ ಪ್ಲಾನ್. ಆದರೆ ಆ ಮೂರು ಅಕ್ಷರಗಳನ್ನು ಸುಮ್ನೆ ಆರಿಸಿರಲಿಲ್ಲ. ಕಾಗದ ಬೇಗ ತಲುಪುತ್ತದೆ ಅನ್ನೋ ಭಾವ ಜನರಿಗೆ ಬರಲಿ ಅಂತಲೇ ಆ ಹೆಸರು.

ಅಮೆರಿಕದ ಆಡುಮಾತಿನಲ್ಲಿ ಜಿಪ್ ಅಂದರೆ ಸೊನ್ನೆ ಕೂಡ ಹೌದು. ಆಟದಲ್ಲಿ ಒಂದು ತಂಡ ಮೂರು, ಇನ್ನೊಂದು ಸೊನ್ನೆ ಆದರೆ ಥ್ರೀ ಜಿಪ್.

ಕಂಪ್ಯೂಟರಿನಲ್ಲಿ ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಕಟ್ಟಾಗಿಸುವ ಜಿಪ್ ಫೈಲ್ ಬಂದಿದ್ದು 1989ರಲ್ಲಿ. ಅದನ್ನು ರೂಪಿಸಿದವರು ಫಿಲ್ ಕಾಟ್ಜ್. ಗೆಳೆಯರೊಬ್ಬರು ಸೂಚಿಸಿದ ಹೆಸರು ಅದು, ಬೇರೆ ಪ್ರೋಗ್ರಾಂಗಳಿಗಿಂತ ಇದು ವೇಗ ಅಂತ ಸಾರೋದಕ್ಕೆ. ನಾವು ಮಾತ್ರ ಅದನ್ನು ತುಂಬಿ ಮುಚ್ಚಿದ ಚೀಲ ಅಂದುಕೊಂಡೆವು. ಈಗ ನಿಮ್ಮ ಪರದೆ ಮೇಲೆ ಯಾವುದಾದರೂ ಜಿಪ್ ಫೈಲಿನ ಚಿತ್ರ ನೋಡಿ. ಅದಕ್ಕೂ ಹಲ್ಲುಹಲ್ಲಿನ ಪಟ್ಟಿ ಬಿಡಿಸಿರುತ್ತಾರೆ.